ಕ್ಯಾಮೆರಾಗೆ ಕುಂಕುಮ

ನಮ್ಮ ಪೊಲೀಸ್ ಠಾಣೆಗಳ ಸಿಸಿಟಿವಿಗೆ ನಾಚಿಕೆ ಸ್ವಭಾವ ಜಾಸ್ತಿ. ನೋಡಬಾರದ್ದು ನಡೆಯುವಾಗ ತಾನಾಗಿಯೇ ಕಣ್ಣು ಮುಚ್ಚಿಕೊಳ್ಳುತ್ತದೆ. ಈ ಸಂಸ್ಕಾರ ಸುಪ್ರೀಂ ಕೋರ್ಟಿಗೆ ಯಾಕೋ ಹಿಡಿಸಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಲಾಕಪ್ ಸಾವುಗಳ ಸುದ್ದಿ ಓದಿ, ಕ್ಯಾಮೆರಾಗಳ ಕಥೆ ಏನಾಯಿತು ಎಂದು ತಾನೇ ಕೇಸು ಕೈಗೆತ್ತಿಕೊಂಡಿತು.

2020ರ ಡಿಸೆಂಬರಿನಲ್ಲೇ ಕೋರ್ಟು ಮನೆ ಕಟ್ಟಿಸುವ ಯಜಮಾನನ ಹಾಗೆ ಬಿಡಿಸಿ ಹೇಳಿತ್ತು. ಬಾಗಿಲಿಗೊಂದು, ಲಾಕಪ್ಪಿಗೊಂದು, ಇನ್‌ಸ್ಪೆಕ್ಟರ್ ಕೋಣೆಗೊಂದು, ಶೌಚಾಲಯದ ಹೊರಗೊಂದು. ಕತ್ತಲಲ್ಲೂ ಕಾಣಬೇಕು, ಮಾತೂ ಕೇಳಬೇಕು. ರೆಕಾರ್ಡು 18 ತಿಂಗಳು ಇರಬೇಕು, ಏನಿಲ್ಲವೆಂದರೂ ಒಂದು ವರ್ಷ. ಇಷ್ಟೆಲ್ಲ ಬರೆದ ಕೋರ್ಟು ಇಲಿಗಳನ್ನು ಮರೆತುಬಿಟ್ಟಿತು. ವೈರು ಕಡಿಯುವುದು ಅವೇ ತಾನೇ?

ಅದೇ ಸೆಪ್ಟೆಂಬರಿನಲ್ಲಿ ನಾವು ಬೆಂಗಳೂರಿನವರು ಬೇರೆ ಸಡಗರದಲ್ಲಿದ್ದೆವು. ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ! ಪೊಲೀಸರ ವೆಬ್‌ಸೈಟಿನಲ್ಲಿ ನನ್ನ ಗಾಡಿ ನಂಬರ್ ಹಾಕಿದೆ. ಹಿಂದೆ ಕೂತ ಹೆಂಡತಿ ಹೆಲ್ಮೆಟ್ ತೆಗೆದು ಜಡೆ ಸರಿಮಾಡಿಕೊಂಡ ಆ ಒಂದು ಕ್ಷಣ, ತಾರೀಕು, ಗಂಟೆ, ನಿಮಿಷ ಸಮೇತ ಬಂತು. ಮದುವೆ ಆಲ್ಬಮ್ಮಿಗಿಂತ ಚೆನ್ನಾಗಿ ಬಂದಿದ್ದಾಳೆ. ಸಿಗ್ನಲ್ ಕಂಬದ ಮೇಲೆ ಮಳೆ, ಧೂಳು, ಕಾಗೆಯ ಕೃಪೆ ಎಲ್ಲ ಸಹಿಸಿಕೊಂಡು ಈ ಕ್ಯಾಮೆರಾ ದುಡಿಯುತ್ತದೆ. ಫ್ಯಾನಿನ ಕೆಳಗೆ, ನೆರಳಲ್ಲಿ ಕೂತ ಠಾಣೆಯ ಕ್ಯಾಮೆರಾಕ್ಕೆ ಮಾತ್ರ ಸದಾ ಕಾಯಿಲೆ.

ಆಮೇಲೆ ನನ್ನ ಫೋನ್ ಕಳೆಯಿತು. ಆಯುಧಪೂಜೆ ಆಗಿ ಒಂದು ವಾರ. ಠಾಣೆಗೆ ಹೋದೆ. ‘ಕಳೆದ ವಸ್ತುಗಳಿಗೆ ಆನ್‌ಲೈನಿನಲ್ಲೇ ದೂರು ಕೊಡಿ’ ಎಂಬ ಬೋರ್ಡಿನ ಕೆಳಗೇ ಬೆಂಚು ಸಿಕ್ಕಿತು. ‘ಬಿಳಿ ಹಾಳೇಲಿ ಬರ್ಕೊಡಿ ಸಾರ್’ ಅಂದರು ಬರಹಗಾರರು. ಬರೆದುಕೊಟ್ಟೆ. ಕಂಪ್ಯೂಟರ್ ಬಲ್ಲ ಪೇದೆಗೆ ವರ್ಗವಾಗಿತ್ತು. ಪಾಸ್‌ವರ್ಡೂ ಅವರ ಜತೆಗೇ ವರ್ಗವಾಗಿತ್ತು. ಫೋನ್ ಮಾಡಿ ಕೇಳಿದರು. ಎರಡು ಬೆರಳಲ್ಲಿ ನನ್ನ ಹಾಳೆ ನೋಡಿ ಟೈಪ್ ಮಾಡಿದರು, ಪ್ರಿಂಟ್ ತೆಗೆದರು, ನನ್ನ ಸಹಿ ಹಾಕಿಸಿದರು, ಗೋಂದು ಹಚ್ಚಿ ರಿಜಿಸ್ಟರಿಗೆ ಅಂಟಿಸಿದರು. ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ಸೇರಿಸಲು 2009ರಲ್ಲಿ ಸಿಸಿಟಿಎನ್‌ಎಸ್ ಅಂತ ಯೋಜನೆ ಮಾಡಿ 2,000 ಕೋಟಿ ರೂಪಾಯಿ ಎತ್ತಿಟ್ಟಿದ್ದರು. ಗೋಂದಿನ ಬಾಟ್ಲಿ ಮಾತ್ರ ಇನ್ನೂ ನಿವೃತ್ತಿ ಆಗಿಲ್ಲ.

ತಲೆ ಎತ್ತಿದೆ. ಬಂದೂಕಿಗೆ, ಜೀಪಿಗೆ, ಮಾನಿಟರಿಗೆ ಹಚ್ಚಿದ ಹಾಗೆ ಮೂಲೆಯ ಸಿಸಿಟಿವಿಗೂ ಕುಂಕುಮ ಹಚ್ಚಿದ್ದರು. ಭಕ್ತಿ ಜಾಸ್ತಿಯಾಗಿ, ಸರಿಯಾಗಿ ಲೆನ್ಸಿನ ಮೇಲೇ. ನಗು ಬಂತು. ಆಮೇಲೆ ಬರಲಿಲ್ಲ.

ಯಾಕೆಂದರೆ ನನಗೆ ಹೋಗಿದ್ದು ಒಂದು ಫೋನು. ಲಾಕಪ್ಪಿನಲ್ಲಿ ಮಗನನ್ನು ಕಳೆದುಕೊಂಡವಳು ಆ ರಾತ್ರಿಯ ರೆಕಾರ್ಡು ಕೇಳಿದರೆ, ಹಾರ್ಡ್‌ಡಿಸ್ಕ್ ತುಂಬಿತ್ತಮ್ಮ ಅನ್ನುತ್ತಾರಲ್ಲ, ಅದು ಯಂತ್ರದ ದೋಷ ಅಲ್ಲ ಸ್ವಾಮಿ. ಬೇಕಾದ ಕ್ಯಾಮೆರಾ ಓಡುತ್ತದೆ, ಬೇಡದ್ದು ಕೆಡುತ್ತದೆ. ಮೊದಲು ‘ಫೈಲ್ ಸಿಗ್ತಿಲ್ಲ’ ಅನ್ನುತ್ತಿದ್ದವರು ಈಗ ‘ಸರ್ವರ್ ಡೌನ್’ ಅನ್ನುವುದನ್ನು ಕಲಿತಿದ್ದಾರೆ. ಇಷ್ಟು ವರ್ಷದ ತರಬೇತಿಗೆ ಇಷ್ಟೇ ಫಲ. ಕೇಳಿ ಕೇಳಿ ಸಾಕಾಗಿದೆ.

‘ಅದನ್ನ ಒರೆಸಬಾರದಾ?’ ಅಂತ ಕ್ಯಾಮೆರಾ ತೋರಿಸಿದೆ.

‘ಏಣಿ ಇಲ್ಲ ಸಾರ್. ಮೇಲಕ್ಕೆ ಬರೆದಿದ್ದೀವಿ.’

ಹಚ್ಚುವಾಗ ಏಣಿ ಎಲ್ಲಿಂದ ಬಂತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ನನಗೆ ನನ್ನ ಫೋನ್ ಬೇಕಿತ್ತು.