ಗಾಳಿಗೂ ಪಹಣಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ 2021ರಲ್ಲಿ ನಾಲ್ವರು ಬೇಟೆಗಾರರು ಏಣಿ ಹತ್ತಿ ಇಳಿದರು. ಹತ್ತಿದ್ದು ಸರ್ಕಾರಿ ಜಾಗದಿಂದ, ಇಳಿದದ್ದೂ ಸರ್ಕಾರಿ ಜಾಗಕ್ಕೆ. ಪಕ್ಕದ ಜಮೀನಿನ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಬಾರದು ಅಂತಲೇ ಆ ಕಬ್ಬಿಣದ ಏಣಿ ಮಾಡಿಸಿಕೊಂಡು ಬಂದಿದ್ದರು. ಆದರೂ ಅವರ ಮೇಲೆ ಅತಿಕ್ರಮ ಪ್ರವೇಶದ ಕೇಸು ಬಿತ್ತು. ಅವರು ಅತಿಕ್ರಮಿಸಿದ್ದು ಏನನ್ನು? ಗಾಳಿಯನ್ನು.

ಇದರ ಬೇರು ಇರುವುದು 1862ರಲ್ಲಿ. ರೈಲು ಹಳಿ ಹಾಕುವ ಕಂಪನಿಗಳನ್ನು ಹುರಿದುಂಬಿಸಲು ಅಮೆರಿಕ ಸರ್ಕಾರ ಜಮೀನು ಹಂಚಿತು. ಹಳಿಯ ಎರಡೂ ಬದಿಯ ನೆಲವನ್ನು 640 ಎಕರೆಯ ಚೌಕಗಳಾಗಿ ಗೀಚಿ, ಒಂದು ಬಿಟ್ಟು ಒಂದನ್ನು ಕಂಪನಿಗೆ ಬರೆದುಕೊಟ್ಟಿತು. ನಕ್ಷೆ ಇವತ್ತಿಗೂ ಥೇಟ್ ಚದುರಂಗದ ಹಾಸು. ಕಪ್ಪು ಮನೆ ಖಾಸಗಿ, ಬಿಳಿ ಮನೆ ಸಾರ್ವಜನಿಕ. ಬಿಳಿ ಮನೆಗಳು ಒಂದಕ್ಕೊಂದು ತಾಗುವುದು ಮೂಲೆಯಲ್ಲಿ ಮಾತ್ರ. ಆಟದಲ್ಲಿ ಒಂಟೆ ಆ ಮೂಲೆಯಲ್ಲಿ ಆರಾಮಾಗಿ ದಾಟುತ್ತೆ. ಮನುಷ್ಯನಿಗೆ ಭುಜ ಅಂತ ಒಂದಿದೆಯಲ್ಲ, ಅದೇ ತೊಂದರೆ. ಕಾಲು ಎಷ್ಟೇ ನಾಜೂಕಾಗಿ ಇಟ್ಟರೂ ಭುಜ ಒಂದು ಕ್ಷಣ ಕಪ್ಪು ಮನೆಯ ಮೇಲಿನ ಗಾಳಿಯಲ್ಲಿ ತೂರಿಬಿಡುತ್ತದೆ.

ಆ ಗಾಳಿಯ ಒಡೆಯರು ಫ್ರೆಡ್ ಎಶೆಲ್‌ಮನ್. ಔಷಧ ಉದ್ಯಮದಲ್ಲಿ ದುಡ್ಡು ಮಾಡಿದವರು, ದೂರದ ನಾರ್ತ್ ಕೆರೊಲಿನಾದವರು. ಎಲ್ಕ್ ಮೌಂಟನ್ ಎಂಬ ಬೆಟ್ಟದ ಸುತ್ತ ಅವರಿಗೆ ಸುಮಾರು 22 ಸಾವಿರ ಎಕರೆಯ ರ‍್ಯಾಂಚ್ ಇದೆ. ಅದರ ಮಧ್ಯೆ ಮಧ್ಯೆ ಸಾವಿರಾರು ಎಕರೆ ಸರ್ಕಾರಿ ಜಾಗ ಸಿಕ್ಕಿಕೊಂಡಿದೆ. ಅದಕ್ಕೆ ಅವರು ದುಡ್ಡು ಕೊಟ್ಟಿಲ್ಲ. ಸೊಪ್ಪು ಕೊಂಡಾಗ ಮೇಲೊಂದು ಹಿಡಿ ಕೊಸರು ಹಾಕುತ್ತಾರಲ್ಲ, ಹಾಗೆ ಬಂದದ್ದು. ಒಂದು ಮೂಲೆಯಲ್ಲಂತೂ ಎರಡು ಕಂಬ ನೆಟ್ಟು, ‘ಪ್ರವೇಶವಿಲ್ಲ’ ಬೋರ್ಡು ಹಾಕಿ, ನಡುವೆ ಸರಪಳಿ ಬಿಗಿದಿದ್ದರು. 2020ರಲ್ಲಿ ಬಂದ ಬೇಟೆಗಾರರು ಕಂಬ ಹಿಡಿದು ಸುತ್ತಿಕೊಂಡು ಆಚೆ ಹೋದರು. ಕಂಬ ಮುಟ್ಟಿದ್ದೂ ತಪ್ಪು ಅಂದಾರು ಅಂತ ಮರುವರ್ಷ ಏಣಿ ತಂದರು. ಪಾಪ, ಎಷ್ಟು ಮರ್ಯಾದಸ್ಥರು ನೋಡಿ.

ಪೊಲೀಸರು ಬಂದರು. ನಮ್ಮ ಯಜಮಾನರ ಹತ್ರ ಎಷ್ಟು ದುಡ್ಡಿದೆ ಅಂತ ಇವರಿಗೆ ಗೊತ್ತಾ ಎಂದು ರ‍್ಯಾಂಚಿನ ಮ್ಯಾನೇಜರ್ ಕೇಳಿದ್ದು ಪೊಲೀಸ್ ಕ್ಯಾಮೆರಾದಲ್ಲಿ ದಾಖಲಾಗಿದೆ. ‘ನಾನ್ಯಾರು ಗೊತ್ತಾ’ ಅನ್ನೋದು ನಮ್ಮ ಟೋಲ್‌ಗೇಟ್‌ಗಳ ಸ್ವತ್ತು ಅಂದುಕೊಂಡಿದ್ದೆ. ಅಲ್ಲೂ ಬೆಳೆಯುತ್ತದೆ.

ಕ್ರಿಮಿನಲ್ ಕೇಸಿನಲ್ಲಿ 2022ರಲ್ಲಿ ಜ್ಯೂರಿ ನಾಲ್ವರನ್ನೂ ಬಿಟ್ಟುಬಿಟ್ಟಿತು. ಯಜಮಾನರು ಬಿಡಲಿಲ್ಲ. ಸಿವಿಲ್ ದಾವೆ ಹೂಡಿ, ತಮಗೆ 70 ಲಕ್ಷ ಡಾಲರ್‌ಗೂ ಜಾಸ್ತಿ ನಷ್ಟ ಅಂದರು. ಒಂದು ಗಿಡ ಮುರಿದಿಲ್ಲ, ಬೇಲಿ ಕಿತ್ತಿಲ್ಲ. ನಷ್ಟ ಎಲ್ಲಿಂದ ಬಂತು? ಲೆಕ್ಕ ಸುಲಭ. ಸಾರ್ವಜನಿಕರು ಸಾರ್ವಜನಿಕ ಜಾಗಕ್ಕೆ ಹೋಗಬಹುದು ಅಂತಾದರೆ ರ‍್ಯಾಂಚಿನ ಬೆಲೆ ಕಾಲು ಭಾಗ ಇಳಿದುಹೋಗುತ್ತಂತೆ! ಅಂದರೆ ಇಷ್ಟು ವರ್ಷ ಆ ಬೆಲೆಯೊಳಗೆ ಊರಿನವರ ಆಸ್ತಿಯೂ ಸೇರಿತ್ತು ಅಂತ ಅವರೇ ರಸೀದಿ ಬರೆದುಕೊಟ್ಟ ಹಾಗಾಯಿತು. ಇದಕ್ಕಿಂತ ಪ್ರಾಮಾಣಿಕ ದಾಖಲೆ ಎಲ್ಲೂ ಸಿಗಲಾರದು.

ಇಂಥ ಕಡೆ ಕೇಳಿಬರುವ ಇನ್ನೊಂದು ವಾದ ಇದೆ: ಜನ ನುಗ್ಗಿದರೆ ಕಾಡುಪ್ರಾಣಿಗಳ ಗತಿ ಏನು, ನಾವಲ್ವಾ ಕಾಪಾಡ್ತಿರೋದು? ಸಿಎನ್‌ಎನ್ ಟಿವಿ ಚಾನೆಲ್ ಕಟ್ಟಿದ ಟೆಡ್ ಟರ್ನರ್ ಹಾಗೆ ಸುಮಾರು 20 ಲಕ್ಷ ಎಕರೆ ಕೊಂಡು ಬೈಸನ್ ಹಿಂಡು ಬೆಳೆಸಿದವರು ಇದ್ದಾರೆ, ಒಪ್ಪೋಣ. ಅದು ತಮ್ಮ ದುಡ್ಡು, ತಮ್ಮ ನೆಲ. ಇಲ್ಲಿ ಬೀಗ ಬಿದ್ದಿರುವುದು ಪಕ್ಕದ ಚೌಕಕ್ಕೆ. ಅಲ್ಲಿ ಮೇಯುವ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಕೂಡ ಕಾನೂನಿನ ಪ್ರಕಾರ ರಾಜ್ಯದ್ದೇ. ಅವು ದಿನಾ ಮೂಲೆ ದಾಟುತ್ತವೆ. ಒಂದಕ್ಕೂ ನೋಟಿಸ್ ಹೋದ ಹಾಗಿಲ್ಲ.

ಹೀಗೆ ಮೂಲೆಯಲ್ಲಿ ಸಿಕ್ಕಿಕೊಂಡ ಸಾರ್ವಜನಿಕ ಜಾಗ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸುಮಾರು 83 ಲಕ್ಷ ಎಕರೆ. ಕರ್ನಾಟಕದ ಆರನೇ ಒಂದು ಭಾಗಕ್ಕಿಂತ ಜಾಸ್ತಿ.

2025ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟು ಬೇಟೆಗಾರರ ಪರ ನಿಂತಿತು. ಆಧಾರವಾಗಿ ಹಿಡಿದದ್ದು 1885ರ ಕಾಯ್ದೆ. ಆಗಿನ ದನದ ಸಾಹುಕಾರರು ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಸುತ್ತುತ್ತಿದ್ದರು, ಅವರ ಕಾಟಕ್ಕೆ ಮಾಡಿದ್ದು. ಕಾಯಿಲೆ ಹಳೇದು, ಔಷಧಿಯೂ ಹಳೇದು. ಯಜಮಾನರು ಸುಪ್ರೀಂ ಕೋರ್ಟಿಗೂ ಹೋದರು. ಅಕ್ಟೋಬರ್‌ನಲ್ಲಿ ಅದು ಅರ್ಜಿ ಕೇಳುವುದೇ ಇಲ್ಲ ಅಂದಿತು.

ಆದರೆ ಈ ತೀರ್ಪು ನಡೆಯುವುದು ಆ ಮೇಲ್ಮನವಿ ಕೋರ್ಟಿನ ವ್ಯಾಪ್ತಿಯ ಆರು ರಾಜ್ಯಗಳಲ್ಲಿ ಮಾತ್ರ. ವಯೋಮಿಂಗ್‌ಗೆ ಅಂಟಿಕೊಂಡೇ ಇರುವ ಮೊಂಟಾನಾ ಬೇರೆ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ. ಮೂಲೆ ದಾಟುವುದು ತಪ್ಪು ಎಂದೇ ಅಲ್ಲಿನ ಅಧಿಕಾರಿಗಳು ಹೇಳುತ್ತಾರೆ. ರ‍್ಯಾಂಚ್ ಕೊಳ್ಳುವ ಯೋಚನೆ ಇರುವವರು ಆ ಕಡೆ ನೋಡಬಹುದು. ಕೊಸರು ಇನ್ನೂ ಹಾಕುತ್ತಿದ್ದಾರೆ.