ಬಾಟಲಿ-ಬಲೂನಿನ ವಾಯುಭಾರಮಾಪಕ: ಸ್ಟ್ರಾ ಮೇಲೇರಿದರೆ ಮಳೆಯಲ್ಲ

ಖಾಲಿ ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಕತ್ತರಿಸಿದ ಬಲೂನು ಬಿಗಿದು, ಮೇಲೊಂದು ಸ್ಟ್ರಾ ಅಂಟಿಸಿ, ಪಕ್ಕದಲ್ಲಿ ಗುರುತು ಹಾಕಲು ರಟ್ಟು ನಿಲ್ಲಿಸಿ ವಾಯುಭಾರಮಾಪಕ (ಗಾಳಿಯ ಒತ್ತಡ ಅಳೆಯುವ ಸಾಧನ) ಮಾಡುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮಾಡುವ ವಿಧಾನ ಚೆನ್ನಾಗಿದೆ. ಆದರೆ ‘ಸ್ಟ್ರಾ ತುದಿ ಮೇಲೇರಿದರೆ ಮಳೆ’ ಎಂಬ ಮಾತು ಉಲ್ಟಾ ಆಗಿದೆ.

ಹೊರಗಿನ ಗಾಳಿಯ ಒತ್ತಡ ಜಾಸ್ತಿಯಾದಾಗ ಬಲೂನಿನ ನಡುಭಾಗ ಒಳಕ್ಕೆ ತಗ್ಗುತ್ತದೆ. ಸ್ಟ್ರಾದ ಒಂದು ತುದಿ ಅಲ್ಲೇ ಅಂಟಿರುತ್ತದೆ. ಹಾಗಾಗಿ ಬಾಟಲಿಯ ಅಂಚಿನ ಮೇಲೆ ಅದು ಏತದಂತೆ ವಾಲಿ, ಹೊರತುದಿ ಮೇಲೇಳುತ್ತದೆ. ಒತ್ತಡ ಕುಸಿದರೆ ಬಲೂನು ಉಬ್ಬಿ, ಹೊರತುದಿ ಕೆಳಗಿಳಿಯುತ್ತದೆ. ಮೋಡ, ಮಳೆಯ ಸಾಧ್ಯತೆ ಹೆಚ್ಚುವುದು ಆಗಲೇ.

‘ಬಿಸಿಲು ಬೀಳುವ ಕಿಟಕಿಯಲ್ಲಿಡಿ’ ಎಂಬ ಸಲಹೆಯೂ ತಪ್ಪು. ಒಳಗಿನ ಗಾಳಿ ಬರೀ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೂ, ಹೊರಗಿನ ಒತ್ತಡ ಸುಮಾರು 3 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿದಷ್ಟೇ ಬಲೂನು ಉಬ್ಬುತ್ತದೆ. ಆಗ ಅದು ಅಳೆಯುವುದು ಸೆಕೆಯನ್ನು, ಅಲ್ವಾ? ನೆರಳಿರುವ, ಗೋಡೆ ಕಾಯದ ಕೋಣೆಯಲ್ಲಿಡಿ.

ಇನ್ನೊಂದು ವಿಷಯ. ನಮ್ಮ ಕಡೆ ಒತ್ತಡ ದಿನವೂ ಬೆಳಿಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಹೊತ್ತಿಗೆ ಇಳಿಯುತ್ತದೆ. ಆ ಇಳಿತಕ್ಕೆ ಸುಮ್ನೆ ಕೊಡೆ ಹುಡುಕಬೇಕಿಲ್ಲ. ಪ್ರತಿದಿನ ಒಂದೇ ಹೊತ್ತಿಗೆ ಗುರುತು ಹಾಕಿ ಹೋಲಿಸಿ.

ದಯವಿಟ್ಟು ಆ ಸಂದೇಶವನ್ನು ಮತ್ತೆ ಫಾರ್ವರ್ಡ್ ಮಾಡಬೇಡಿ. ಮಕ್ಕಳು ಈಗಾಗಲೇ ಮಾಡಿಟ್ಟಿದ್ದರೆ, ರಟ್ಟಿನ ಮೇಲ್ತುದಿಯಲ್ಲಿರುವ ‘ಮಳೆ’ ಎಂಬ ಪದವನ್ನು ಕೆಳತುದಿಯಲ್ಲಿ ಬರೆಸಿ.