ಇಪ್ಪತ್ತೆಂಟು ಕೆ.ಜಿ. ಪುಣ್ಯ

ನಮ್ಮ ಅಪಾರ್ಟ್‌ಮೆಂಟಿಗೆ ತಿಂಗಳಿಗೊಮ್ಮೆ ಬರುವ ರದ್ದಿಯವನು ಬಲು ಕಟ್ಟುನಿಟ್ಟು. ಪೇಪರ್ ತೂಗುತ್ತಾನೆ, ಬಾಟಲಿ ಎಣಿಸುತ್ತಾನೆ, ರಟ್ಟಿನ ಬೈಂಡಿನ ಪುಸ್ತಕ ಕಂಡರೆ ಮಾತ್ರ ಹಾಗಲಕಾಯಿ ತಿಂದವನ ಹಾಗೆ ಮುಖ ಮಾಡುತ್ತಾನೆ. "ಇದಕ್ಕೆ ರೇಟು ಕಮ್ಮಿ ಸಾರ್. ರಟ್ಟು ಕಿತ್ತುಕೊಡಿ, ಆಮೇಲೆ ನೋಡೋಣ." ಅವನು ಬೇಡವೆಂದು ಬಿಟ್ಟುಹೋದ ಮಾಲಿಗೆ ಈಗ ಒಳ್ಳೆಯ ಹೆಸರು ಬಂದಿದೆ. ಪುಸ್ತಕದಾನ ಅಂತಾರೆ.

ನಾನೂ ಒಬ್ಬ ದಾನಿ. 2024ರ ನವೆಂಬರಿನಲ್ಲಿ ಎರಡು ವಾರ ನೇಪಾಳದಲ್ಲಿ ವಾಲಂಟಿಯರ್ ಆಗಿ ಬಂದೆ. ಹಿಂದೆ ಬಿಟ್ಟಿ ಚಾಕರಿ ಅಂದರೆ ಸಂಬಳವಿಲ್ಲದ್ದು ಅಂತಿತ್ತು, ಈಗ ಅದಕ್ಕೆ ನಾವೇ ಫೀಸು ಕಟ್ಟಬೇಕು. ಕಟ್ಟಿದೆ. ಟೀ ಶರ್ಟು ಕೊಟ್ಟರು.

ವಾಟ್ಸಾಪ್ ಗುಂಪಿನಲ್ಲಿ "ಹಿಮಾಲಯದ ಮಕ್ಕಳಿಗೆ ಪುಸ್ತಕ ಬೇಕು" ಎಂದು ಹಾಕಿದ್ದೇ ತಡ, ಸಂಜೆಯೊಳಗೆ ಕ್ಲಬ್‌ಹೌಸಿನ ಕೇರಂ ಬೋರ್ಡು ಕಾಣದಂತಾಯಿತು. ಒಂದು ಸಿಇಟಿ ಗೈಡು, 2011ರದ್ದು. ಅದನ್ನು ಓದಿದ ಹುಡುಗ ಅಮೆರಿಕದಲ್ಲಿ ಮನೆ ಕೊಂಡು ಆಗಿದೆ. ವಿಂಡೋಸ್ ಎಕ್ಸ್‌ಪಿ ಕಲಿಸುವ ಪುಸ್ತಕ ಎರಡು. ಮೂವತ್ತು ದಿನದಲ್ಲಿ ಹೊಟ್ಟೆ ಕರಗಿಸುವ ಪುಸ್ತಕ ನಾಲ್ಕು. ಕೊಟ್ಟವರ ಹೊಟ್ಟೆಗಳು ಮಾತ್ರ ಇದ್ದ ಹಾಗೇ ಇದ್ದವು. ಒಂದು ವಿಶ್ವಕೋಶದ ಬಿಡಿ ಸಂಪುಟ, ಇಂಗ್ಲಿಷಿನ 'ಕ್ಯೂ'ನಿಂದ 'ಎಸ್'ವರೆಗೆ. ಅದರಲ್ಲಿ ಹಿಮಾಲಯವೂ ಇಲ್ಲ, ನೇಪಾಳವೂ ಇಲ್ಲ. ನಾನು ಸ್ವಲ್ಪ ಅನುಮಾನಿಸಿದೆ. "ಯಾವುದಾದರೇನು, ಪುಸ್ತಕ ಸರಸ್ವತಿ ಅಲ್ವೇನ್ರೀ" ಎಂದರು ಸೆಕ್ರೆಟರಿ. ಸರಸ್ವತಿಯನ್ನು ರದ್ದಿಗೆ ಹಾಕುವುದು ಪಾಪ. ಗಡಿ ದಾಟಿಸಿ ಬಿಟ್ಟುಬಂದರೆ ಪುಣ್ಯ.

ಕಾಠ್ಮಂಡುವಿನಿಂದ ಬೇಸಿಶಹರಿಗೆ ಇಡೀ ಹಗಲು ಬಸ್ಸು. ಅದು ಲಮ್ಜುಂಗ್ ಜಿಲ್ಲೆಯ ಕೇಂದ್ರ. ಅಲ್ಲಿಂದ ಜೀಪು, ಜೀಪು ಸೋತ ಕಡೆಯಿಂದ ಕಲ್ಲಿನ ಮೆಟ್ಟಿಲು. ಪುಸ್ತಕ ಹೊರಲು ಊರಿನ ಒಬ್ಬರು ಸಿಕ್ಕರು. ಅಣ್ಣ ಎನ್ನುವುದಕ್ಕೆ ಅಲ್ಲಿ ದಾಯಿ ಎನ್ನುತ್ತಾರೆ, ನಾನೂ ದಾಯಿ ಎಂದೆ. ಬೆನ್ನಿಗೆ ಡೋಕೋ ಎಂಬ ಬಿದಿರ ಬುಟ್ಟಿ, ಅದರ ಭಾರವೆಲ್ಲ ನಾಮ್ಲೋ ಎಂಬ ಪಟ್ಟಿಯ ಮೇಲೆ, ಆ ಪಟ್ಟಿ ಹಣೆಯ ಮೇಲೆ. ಮೂಟೆ ಇಪ್ಪತ್ತೆಂಟು ಕೆ.ಜಿ. ತೂಗಿತು. ಒಬ್ಬ ಹಮಾಲಿಗೆ ಮೂವತ್ತಕ್ಕಿಂತ ಹೆಚ್ಚು ಹೊರಿಸಬಾರದು ಎಂಬ ನಿಯಮವಿದೆಯಂತೆ. ಇನ್ನೂ ಎರಡು ಕೆ.ಜಿ. ಖಾಲಿ ಇದೆಯಲ್ಲ ಎಂದು ನಮ್ಮ ಗೈಡ್ ನನ್ನ ಕ್ಯಾಮೆರಾ ಸ್ಟ್ಯಾಂಡನ್ನೂ ಅದಕ್ಕೇ ಸಿಕ್ಕಿಸಿದ.

ಕೊನೆಯ ಇಪ್ಪತ್ತು ಮೆಟ್ಟಿಲು ನಾನೇ ಹೊತ್ತೆ. ಮೂರು ಪುಸ್ತಕ. ಫೋಟೋ ಚೆನ್ನಾಗಿ ಬಂದಿದೆ. ದಾಯಿ ಅದರಲ್ಲಿಲ್ಲ, ಅವರು ಕ್ಯಾಮೆರಾ ಹಿಡಿದಿದ್ದರು.

ಓದಲು ಪುಸ್ತಕ ಬಂದ ಸಂಭ್ರಮಕ್ಕೆ ಆ ದಿನ ಶಾಲೆಯಲ್ಲಿ ಓದು ಬಂದ್. ಮಕ್ಕಳು ಬೆಳಿಗ್ಗೆಯಿಂದ ಸಾಲಾಗಿ ನಿಂತಿದ್ದರು, ಕೈಯಲ್ಲಿ ಚೆಂಡುಹೂವಿನ ಮಾಲೆ. ಹನ್ನೊಂದು ಮಾಲೆ ಹಾಕಿಸಿಕೊಂಡ ಮೇಲೆ ನನಗೆ ಮುಂದೇನೂ ಕಾಣಲಿಲ್ಲ. ದಾನ ಮಾಡುವವನಿಗೆ ಅಷ್ಟು ಕಂಡರೆ ಸಾಕು.

ಹೆಡ್‌ಸರ್ ಒಂದೊಂದೇ ಪುಸ್ತಕ ತೆಗೆದು ರಿಜಿಸ್ಟರಿನಲ್ಲಿ ಬರೆದುಕೊಂಡರು. ಸಿಇಟಿ ಗೈಡಿನ ಇಸವಿ ನೋಡಿ ಪೆನ್ನು ನಿಂತಿತು. ನನ್ನ ಲೆಕ್ಕದಲ್ಲಿ ಅದು ಹದಿಮೂರು ವರ್ಷ ಹಳೆಯದು. ಆದರೆ ಗೋಡೆಯ ಮೇಲಿದ್ದುದು ವಿಕ್ರಮ ಸಂವತ್ 2081ರ ಕ್ಯಾಲೆಂಡರು. ಅದರ ಪಕ್ಕ ಹಿಡಿದರೆ ನನ್ನ ಗೈಡಿಗೆ ಎಪ್ಪತ್ತು ತುಂಬಿತ್ತು. ಹೆಡ್‌ಸರ್ ನಕ್ಕರು, ನಾನೂ ನಕ್ಕೆ. ಇಬ್ಬರ ನಗುವಿನ ಕಾರಣ ಬೇರೆ ಬೇರೆ ಇರಬೇಕು.

ನೇಪಾಳದ 2021ರ ಜನಗಣತಿಯಲ್ಲಿ ಸಿಕ್ಕ ತಾಯ್ನುಡಿಗಳು 124. ಈ ಮಕ್ಕಳಿಗೆ ಮನೆಯಲ್ಲಿ ಗುರುಂಗ್, ಶಾಲೆಯಲ್ಲಿ ನೇಪಾಳಿ. ನನ್ನ ಮೂಟೆಯಲ್ಲಿ ಬರೀ ಇಂಗ್ಲಿಷು, ಜೊತೆಗೆ ಕಣ್ತಪ್ಪಿ ಬಂದ ಒಂದು ಕನ್ನಡ ಅಡುಗೆ ಪುಸ್ತಕ. ಹೆಚ್ಚು ಬೇಡಿಕೆ ಬಂದದ್ದು ಅದಕ್ಕೇ. ಒಬ್ಬ ಹುಡುಗಿ ನಮ್ಮ ದುಂಡು ಅಕ್ಷರಗಳ ಮೇಲೆ ಬೆರಳಾಡಿಸಿ, ಸೇಲ್‌ರೋಟಿ ಸೇಲ್‌ರೋಟಿ ಎಂದು ಕೂಗಿದಳು. ಹಬ್ಬಕ್ಕೆ ಅವರು ಎಣ್ಣೆಯಲ್ಲಿ ಕರಿಯುವ ಅಕ್ಕಿಹಿಟ್ಟಿನ ಬಳೆ ಅದು. ನಾನು ತಂದ ಇಪ್ಪತ್ತೆಂಟು ಕೆ.ಜಿ.ಯಲ್ಲಿ ಯಾರಾದರೂ ಬಾಯಿಬಿಟ್ಟು ಓದಿದ್ದು ಅಷ್ಟೇ.

ಆಮೇಲೆ ಕಪಾಟು. ಹೆಡ್‌ಸರ್ ಸೊಂಟದ ಬೀಗದ ಕೈ ತೆಗೆದು ತಿರುಗಿಸಿದರು. ಒಳಗೆ ನನಗಿಂತ ಮುಂಚೆ ಬಂದ ಪುಣ್ಯವಂತರೆಲ್ಲ ಸಾಲಾಗಿ ಕೂತಿದ್ದರು. ಜರ್ಮನ್ ಕಾದಂಬರಿ, ಕೊರಿಯಾದ ಯಾವುದೋ ಪ್ರವಾಸ ಕೈಪಿಡಿ, ಹಿಮದಲ್ಲಿ ಜಾರುವುದು ಹೇಗೆಂಬ ಸಚಿತ್ರ ಪುಸ್ತಕ. ಒಂದೂ ಮಡಿಕೆ ಬಿದ್ದಿಲ್ಲ. "ಯಾಕೆ ಬೀಗ?" ಎಂದೆ. ಪುಸ್ತಕ ಹರಿದರೆ ರಿಜಿಸ್ಟರಿಗೆ ಅವರೇ ಜವಾಬು ಕೊಡಬೇಕು. ಮೇಲಾಗಿ ಕೊಟ್ಟವರು ಮತ್ತೊಮ್ಮೆ ಬಂದರೆ ತಮ್ಮ ಪುಸ್ತಕ ಹೇಗಿದೆ ಎಂದು ನೋಡುತ್ತಾರೆ. ಹರಿದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಂತೆ.

ಇದೇ ಲಮ್ಜುಂಗ್‌ನ ಬಾಹುನ್‌ಡಾಂಡಾದಲ್ಲಿ 1998ರಲ್ಲಿ ಇಂಥದೇ ಬೀಗದ ಕಪಾಟು ಕಂಡವನು ಜಾನ್ ವುಡ್, ಮೈಕ್ರೋಸಾಫ್ಟಿನ ನೌಕರ. ಚಾರಣಿಗರು ಬಿಟ್ಟುಹೋದ ಪುಸ್ತಕಗಳು, ಮಕ್ಕಳ ಕೈಗೆ ಸಿಗದಂತೆ ಭದ್ರ. ಆತ ಮೊದಲು ಪುಸ್ತಕ ಹೊರಿಸಿಕೊಂಡು ಬಂದ, ಕೆಲಸ ಬಿಟ್ಟ, 2000ದಲ್ಲಿ ರೂಮ್ ಟು ರೀಡ್ ಸಂಸ್ಥೆ ಕಟ್ಟಿದ. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆಗೆ ಹೊರಗಿನ ಇಂಗ್ಲಿಷ್ ಪುಸ್ತಕ ಸಾಲದೆಂದು ತಿಳಿದು, ಸ್ಥಳೀಯರಿಂದಲೇ ಬರೆಸಿ ಅವರವರ ಭಾಷೆಯಲ್ಲೇ ಮಕ್ಕಳ ಪುಸ್ತಕ ಅಚ್ಚು ಹಾಕಲು ಶುರುಮಾಡಿತು. ಈ ವಿಷಯ ನಮ್ಮ ವಾಟ್ಸಾಪ್ ಗುಂಪಿಗೆ ಇನ್ನೂ ಫಾರ್ವರ್ಡ್ ಆಗಿಲ್ಲ.

ಮುಂದಿನ ಸಲ ಏನು ತರಲಿ ಎಂದು ಕೇಳಿದೆ, ಕೇಳುವುದು ಮರ್ಯಾದೆ. ಹೆಡ್‌ಸರ್ ಹಿಂಜರಿಯುತ್ತಲೇ ಹೇಳಿದರು. "ಸರ್, ನಾಲ್ಕನೇ ಕ್ಲಾಸಿಗೆ ಗಣಿತದ ಪುಸ್ತಕ ಐದು ಕಮ್ಮಿ ಇದೆ. ನೇಪಾಳಿ ಕಥೆ ಪುಸ್ತಕ ಕಾಠ್ಮಂಡುವಿನಲ್ಲೇ ಸಿಗುತ್ತದೆ. ನೀವು ಬಸ್ಸು ಹತ್ತಿದ ಕಡೆಯೇ ಅಂಗಡಿ ಇರುತ್ತದೆ."

ನನಗೆ ತುಸು ನಿರಾಸೆಯಾಯಿತು. ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಬಿಲ್ಲು ಇಸಕೊಂಡು ತರುವುದು ವ್ಯಾಪಾರ. ಅದರಲ್ಲಿ ತ್ಯಾಗ ಎಲ್ಲಿ ಬಂತು? ನಮ್ಮ ಕ್ಲಬ್‌ಹೌಸಿನ ಕೇರಂ ಬೋರ್ಡು ಖಾಲಿಯಾಗುವುದಾದರೂ ಹೇಗೆ?

ಹೊರಡುವ ದಿನ ಹೆಡ್‌ಸರ್ ಮತ್ತೊಂದು ಸಂಕೋಚದ ಕೋರಿಕೆ ಇಟ್ಟರು. ಕಪಾಟು ತುಂಬಿಹೋಗಿದೆ, ನನ್ನ ಪುಸ್ತಕಕ್ಕೆ ಜಾಗ ಬೇಕು, ಮುಂದಿನ ತಿಂಗಳು ಇನ್ನೊಂದು ತಂಡ ಬರುವುದಿದೆ. ಹೇಗೂ ದಾಯಿಯ ಡೋಕೋ ಖಾಲಿ ಇಳಿಯುತ್ತದಲ್ಲ, ಹಳೆಯವನ್ನು ಕೆಳಗೆ ಸಾಗಿಸಬಹುದೇ? ಕೂಲಿ ನಾನೇ ಕೊಟ್ಟೆ. ಜರ್ಮನ್ ಕಾದಂಬರಿ, ಕೊರಿಯಾದ ಕೈಪಿಡಿ, ಹಿಮದ ಜಾರಾಟ ಎಲ್ಲವೂ ಅದೇ ಹಣೆಯ ಮೇಲೆ ಅದೇ ಮೆಟ್ಟಿಲಿಳಿದವು.

ಬೇಸಿಶಹರಿನ ಬಸ್‌ಸ್ಟ್ಯಾಂಡ್ ಪಕ್ಕ ಒಂದು ರದ್ದಿ ಅಂಗಡಿ. ಮಾಲೀಕ ಬಿಹಾರದ ಕಡೆಯವನು, ಅವನ ಹಿಂದಿ ನನಗೆ ಸಲೀಸು. ದಾಯಿ ಡೋಕೋ ಇಳಿಸಿ ಹಣೆ ಉಜ್ಜಿಕೊಂಡರು. ಅಂಗಡಿಯವನು ಮೇಲಿನ ಪುಸ್ತಕ ಎತ್ತಿ, ತಿರುಗಿಸಿ, ಬೆರಳಿನಿಂದ ಬೈಂಡನ್ನು ಎರಡು ಸಲ ತಟ್ಟಿದ.

"ರಟ್ಟು ಕಿತ್ತುಕೊಡಿ ಸಾಬ್," ಎಂದ, "ಆಮೇಲೆ ನೋಡೋಣ."